ಕಾದುವವರು ಒಬ್ಬರು, ಕೊಡುವವರು ಒಬ್ಬರು

ಅಫ್ಘಾನಿಸ್ತಾನಕ್ಕೆ ಸಮುದ್ರವಿಲ್ಲ. 2001ರ ಅಕ್ಟೋಬರ್ 7ರಂದು ಅಲ್ಲಿ ಯುದ್ಧ ಶುರುಮಾಡಿದ ಅಮೆರಿಕವನ್ನು ಈ ಸಣ್ಣ ಭೂಗೋಳದ ಸಂಗತಿ ವರ್ಷಾನುಗಟ್ಟಲೆ ಕಾಡಿತು. ಸೈನಿಕನನ್ನು ವಿಮಾನದಲ್ಲಿ ತಂದು ಇಳಿಸಬಹುದು. ಅವನ ಊಟ, ನೀರು, ಡೀಸೆಲ್, ಸಿಮೆಂಟು, ಟೈರುಗಳನ್ನೂ ವಿಮಾನದಲ್ಲೇ ತರುತ್ತೇವೆಂದರೆ ಎಂಥ ಖಜಾನೆಯೂ ಬಹಳ ದಿನ ತಾಳದು. ಪಶ್ಚಿಮಕ್ಕೆ ಇರಾನ್; ಅದರೊಂದಿಗೆ ಅಮೆರಿಕಕ್ಕೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಉತ್ತರಕ್ಕೆ ಹಿಂದಿನ ಸೋವಿಯತ್ ಗಣರಾಜ್ಯಗಳು. ಅದು ದೂರದ ಸುತ್ತುದಾರಿ. ಉಳಿದದ್ದು ಪಾಕಿಸ್ತಾನ. ಕರಾಚಿ ಬಂದರಿನಲ್ಲಿ ಸರಕು ಇಳಿಸಿ, ಪೇಶಾವರದ ಮೇಲೆ ಹಾದು ಖೈಬರ್ ಕಣಿವೆಯ ತೋರ್ಖಮ್ ಗಡಿಗೋ, ಕ್ವೆಟ್ಟಾದ ಮೇಲೆ ಹಾದು ಚಮನ್ ಗಡಿಗೋ ಲಾರಿಗಳಲ್ಲಿ ಸಾಗಿಸಬೇಕಿತ್ತು.

ದಾರಿ ಯಾರೂ ಬಿಟ್ಟಿಯಾಗಿ ಕೊಡುವುದಿಲ್ಲ. ಜನರಲ್ ಪರ್ವೇಜ್ ಮುಷರಫ್ ಅವರ ಸರ್ಕಾರ ತನ್ನ ಆಕಾಶವನ್ನೂ ಬಂದರನ್ನೂ ರಸ್ತೆಗಳನ್ನೂ ತೆರೆಯಿತು. ಜಾಕೋಬಾಬಾದ್, ಪಸ್ನಿ, ಶಮ್ಸಿಯಂಥ ವಿಮಾನ ನೆಲೆಗಳನ್ನು ಬಳಸಲು ಬಿಟ್ಟಿತು. ಮುಂದೆ ಅಫ್ಘನ್ ಗಡಿಯ ಬುಡಕಟ್ಟು ಪ್ರದೇಶಗಳಿಗೆ ತನ್ನ ಸೈನ್ಯವನ್ನೂ ನುಗ್ಗಿಸಿತು. 1998ರ ಅಣುಪರೀಕ್ಷೆಯ ನಂತರದ ನಿರ್ಬಂಧಗಳಿಂದ ಬಸವಳಿದಿದ್ದ ದೇಶ ಅದು. ಡಾಲರಿನ ಅಗತ್ಯ ಅದಕ್ಕೂ ಇತ್ತು. ಅಮೆರಿಕದ ಸಂಸತ್ತು ರಕ್ಷಣಾ ಬಜೆಟ್ಟಿನಲ್ಲಿ ಹೊಸದೊಂದು ಬಾಬ್ತು ತೆರೆಯಿತು. ಕೊಯಲಿಶನ್ ಸಪೋರ್ಟ್ ಫಂಡ್ ಎಂದು ಅದರ ಹೆಸರು. ನಾವಿಲ್ಲಿ ಮೈತ್ರಿ ನಿಧಿ ಎನ್ನೋಣ. ಅದರ ಸೂತ್ರ ಇಷ್ಟೆ: ನಮ್ಮ ಯುದ್ಧಕ್ಕೆ ನೆರವಾಗಲು ನಿಮಗಾದ ಹೆಚ್ಚುವರಿ ಖರ್ಚಿನ ಬಿಲ್ಲು ಕಳಿಸಿ, ನಾವು ತುಂಬಿಕೊಡುತ್ತೇವೆ. 2002ರಿಂದ 2017ರವರೆಗೆ ಈ ಒಂದೇ ಬಾಬ್ತಿನಲ್ಲಿ ಪಾಕಿಸ್ತಾನಕ್ಕೆ ಸಂದದ್ದು ಸುಮಾರು 1,450 ಕೋಟಿ ಡಾಲರ್.

ಇದು ಮೊದಲಲ್ಲ

ಒಂದು ಸರ್ಕಾರ ಇನ್ನೊಂದರ ಸೈನ್ಯಕ್ಕೆ ದುಡ್ಡು ಕೊಡುವುದು ಬಹಳ ಹಳೆಯ ರೂಢಿ. 1758ರ ಒಪ್ಪಂದದಂತೆ ಬ್ರಿಟನ್ ಪ್ರಷ್ಯದ ದೊರೆ ಫ್ರೆಡರಿಕನಿಗೆ ವರ್ಷಕ್ಕೆ 6,70,000 ಪೌಂಡ್ ಕೊಟ್ಟಿತು. ಅವನು ಯುರೋಪಿನಲ್ಲಿ ಫ್ರಾನ್ಸನ್ನು ಕಟ್ಟಿಹಾಕಿದರೆ ತಾನು ಕೆನಡಾ, ಇಂಡಿಯಾ ಕಡೆ ನಿಶ್ಚಿಂತೆಯಿಂದ ಕಾದಬಹುದೆಂಬ ಲೆಕ್ಕ. ನಮ್ಮಲ್ಲಿ ದುಡ್ಡು ತಿರುವುಮುರುವಾಗಿ ಹರಿಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿಗೆ ವಿಧಿಸಿದ ಒಪ್ಪಂದದ ಪ್ರಕಾರ, ತನ್ನ ‘ರಕ್ಷಣೆ’ಗೆಂದು ಇಟ್ಟ ಕಂಪನಿ ಸೈನ್ಯದ ಖರ್ಚಿಗೆ ಮೈಸೂರೇ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಕ್ಕಬೇಕಾಯಿತು. ಅದನ್ನು ಮೈತ್ರಿ ಎಂದು ಕರೆದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಧೈರ್ಯ ಮೆಚ್ಚಬೇಕು.

ವಿಯೆಟ್ನಾಂ ಯುದ್ಧದಲ್ಲಿ ದಕ್ಷಿಣ ಕೊರಿಯಾ ಒಂದು ಹಂತದಲ್ಲಿ ಸುಮಾರು 50,000 ಸೈನಿಕರನ್ನು ಕಳಿಸಿತ್ತು. ಅವರ ವಿದೇಶ ಭತ್ಯೆ, ಶಸ್ತ್ರಾಸ್ತ್ರಗಳ ಹೊಣೆ ಹೊತ್ತದ್ದು ಅಮೆರಿಕ. 1966ರ ಮಾರ್ಚ್‌ನಲ್ಲಿ ಅದರ ರಾಯಭಾರಿ ವಿನ್‌ತ್ರಾಪ್ ಬ್ರೌನ್ ಲಿಖಿತವಾಗಿ ಈ ಭರವಸೆಗಳನ್ನು ಕೊಟ್ಟರು. ಕೊರಿಯಾದ ಹಾಂಜಿನ್‌ನಂಥ ಸಾಗಣೆ ಕಂಪನಿಗಳು ದೊಡ್ಡದಾಗಿ ಬೆಳೆದದ್ದು ಆ ಯುದ್ಧದ ಗುತ್ತಿಗೆಗಳಿಂದ. 1991ರ ಕೊಲ್ಲಿ ಯುದ್ಧದಲ್ಲಿ ಪಾತ್ರಗಳು ಅದಲುಬದಲಾದವು. ಕಾದಿದ್ದು ಮುಖ್ಯವಾಗಿ ಅಮೆರಿಕ, ಕೊಟ್ಟವರು ಉಳಿದವರು. ಸುಮಾರು 6,100 ಕೋಟಿ ಡಾಲರ್ ಖರ್ಚಿನಲ್ಲಿ 5,400 ಕೋಟಿಯಷ್ಟನ್ನು ಸೌದಿ ಅರೇಬಿಯಾ, ಕುವೈತ್, ಜಪಾನ್, ಜರ್ಮನಿ ಮೊದಲಾದವು ತುಂಬಿಕೊಟ್ಟವು. ಜಪಾನಿನ ಪಾಲು ಸುಮಾರು 1,300 ಕೋಟಿ. ಯುದ್ಧ ಮುಗಿದ ಮೇಲೆ ಕುವೈತ್ ಅಮೆರಿಕದ ಪತ್ರಿಕೆಗಳಲ್ಲಿ ಧನ್ಯವಾದದ ಜಾಹೀರಾತು ಹಾಕಿಸಿತು. ಹೆಸರಿಸಿದ ದೇಶಗಳಲ್ಲಿ ಜಪಾನ್ ಇರಲಿಲ್ಲ. ಆ ಅವಮಾನ ಟೋಕಿಯೋದಲ್ಲಿ ಇಂದಿಗೂ ನೆನಪಿದೆ. ಮರುವರ್ಷ, 1992ರಲ್ಲಿ, ಜಪಾನ್ ತನ್ನ ಪಡೆಯನ್ನು ಶಾಂತಿಪಾಲನೆಗಾಗಿ ಹೊರದೇಶಕ್ಕೆ ಕಳಿಸಲು ಅವಕಾಶ ಕೊಡುವ ಕಾನೂನು ಮಾಡಿಕೊಂಡಿತು.

ಇವುಗಳಲ್ಲೆಲ್ಲ ಮೊತ್ತವನ್ನೋ ದರವನ್ನೋ ಮೊದಲೇ ಮಾತಾಡಿಕೊಂಡಿದ್ದರು. ಪಾಕಿಸ್ತಾನದ ವಿಷಯದಲ್ಲಿ ಹಾಗಾಗಲಿಲ್ಲ. ಮನೆ ಕಟ್ಟಿಸಿದವರಿಗೆ ಇದರ ವ್ಯತ್ಯಾಸ ಗೊತ್ತಿರುತ್ತದೆ: ಮೇಸ್ತ್ರಿಗೆ ಚದರಕ್ಕಿಷ್ಟು ಎಂದು ಗುತ್ತಿಗೆ ಕೊಡುವುದು ಒಂದು ಬಗೆ, ಆದಷ್ಟು ಖರ್ಚು ಕೊಡುತ್ತಾ ಹೋಗುತ್ತೇನೆ ಎನ್ನುವುದು ಇನ್ನೊಂದು ಬಗೆ.

ಬಿಲ್ಲು ಸಾಗುವ ಬಗೆ

ಪಾಕಿಸ್ತಾನದ ಭೂಸೇನೆ, ನೌಕಾಪಡೆ, ವಾಯುಪಡೆಗಳು ತಿಂಗಳು ತಿಂಗಳಿನ ಲೆಕ್ಕ ಬರೆಯುತ್ತಿದ್ದವು: ಗಡಿಯಲ್ಲಿರುವ ಸೈನಿಕರ ರೇಷನ್ನು, ಮದ್ದುಗುಂಡು, ಹೆಲಿಕಾಪ್ಟರ್ ಹಾರಾಟ, ವಾಹನಗಳ ರಿಪೇರಿ, ಹೊಸ ರಸ್ತೆ, ಬಂಕರು. ಅದು ಮೊದಲು ಇಸ್ಲಾಮಾಬಾದಿನ ಅಮೆರಿಕ ರಾಯಭಾರ ಕಚೇರಿಯಲ್ಲಿದ್ದ ರಕ್ಷಣಾ ಪ್ರತಿನಿಧಿಯ ಕೈಗೆ ಹೋಗುತ್ತಿತ್ತು. ಅಲ್ಲಿಂದ ಫ್ಲಾರಿಡಾದ ಟ್ಯಾಂಪಾದಲ್ಲಿರುವ ಸೆಂಟ್ರಲ್ ಕಮಾಂಡಿಗೆ. ಅಲ್ಲಿಂದ ಪೆಂಟಗನ್ನಿನ ಹಣಕಾಸು ವಿಭಾಗಕ್ಕೆ. ವಿದೇಶಾಂಗ ಇಲಾಖೆಯ ಒಪ್ಪಿಗೆ ಪಡೆದು, ಸಂಸತ್ತಿನ ಸಮಿತಿಗಳಿಗೆ 15 ದಿನ ಮುಂಚೆ ತಿಳಿಸಿ, ಹಣ ಬಿಡುಗಡೆ.

ಇಷ್ಟು ಮೇಜು ದಾಟಿದ ಬಿಲ್ಲು ಚೊಕ್ಕವಾಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಾನೂನಿನಲ್ಲೇ ಒಂದು ಕಿಂಡಿ ಇತ್ತು. ದಾಖಲೆ ಸಾಕೋ ಸಾಲದೋ ಎಂದು ನಿರ್ಧರಿಸುವವರು ರಕ್ಷಣಾ ಸಚಿವರೇ, ಅವರ ತೀರ್ಮಾನವೇ ಅಂತಿಮ ಎಂದು ಬರೆದಿತ್ತು. ಯುದ್ಧ ನಡೆಸಬೇಕಾದವರೂ ಅವರೇ, ಆ ಲಾರಿಗಳು ಬೇಕಾದವರೂ ಅವರೇ.

2008ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಈ ಕಡತಗಳನ್ನು ಕೈಗೆತ್ತಿಕೊಂಡಿತು. ನಮ್ಮ ಸಿಎಜಿಗೆ ಅದನ್ನು ಹೋಲಿಸಬಹುದು. ಆ ಹೊತ್ತಿಗೆ 27 ದೇಶಗಳಿಗೆ ಒಟ್ಟು ಸುಮಾರು 688 ಕೋಟಿ ಡಾಲರ್ ಸಂದಿತ್ತು; ಅದರಲ್ಲಿ 556 ಕೋಟಿ ಪಾಕಿಸ್ತಾನವೊಂದಕ್ಕೇ. 2004ರ ಜನವರಿಯಿಂದ 2007ರ ಜೂನ್‌ವರೆಗಿನ ಬಿಲ್ಲುಗಳಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ಮೊತ್ತಕ್ಕೆ, ಹೊರಗಿನವರು ಯಾರಾದರೂ ಕೂತು ಮರುಲೆಕ್ಕ ಹಾಕುತ್ತೇನೆಂದರೆ ಬೇಕಾದಷ್ಟು ವಿವರವೇ ಇರಲಿಲ್ಲ. ರಸ್ತೆಗೆ 3 ಕೋಟಿ ಡಾಲರ್, ಬಂಕರುಗಳಿಗೆ 1.5 ಕೋಟಿ ಡಾಲರ್ ಕೊಟ್ಟಿದ್ದರು. ಆ ರಸ್ತೆ, ಆ ಬಂಕರುಗಳನ್ನು ಕಟ್ಟಿದ್ದಾರೆಂಬುದಕ್ಕೆ ಪುರಾವೆ ಸಿಗಲಿಲ್ಲ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ರಾಡಾರಿನ ಬಿಲ್ಲು. ಶತ್ರು ವಿಮಾನಗಳನ್ನು ಪತ್ತೆಹಚ್ಚುವ ರಾಡಾರುಗಳಿಗೆಂದು 20 ಕೋಟಿ ಡಾಲರಿಗೂ ಹೆಚ್ಚು ಕೊಡಲಾಗಿತ್ತು. ತಾಲಿಬಾನಿಗೆ ವಿಮಾನವೇ ಇರಲಿಲ್ಲ. ಹಾಗಾದರೆ ಆ ರಾಡಾರು ನೋಡುತ್ತಿದ್ದ ದಿಕ್ಕು ಯಾವುದು ಎಂದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತವರಿಗೆ ವಿವರಿಸಬೇಕಿಲ್ಲ. ಭಾರತ ಆ ವರ್ಷಗಳಲ್ಲಿ ಅಮೆರಿಕದ ಮುಂದೆ ಇಡುತ್ತಿದ್ದ ಆಕ್ಷೇಪದ ತಿರುಳೂ ಇದೇ ಆಗಿತ್ತು. ಪಶ್ಚಿಮ ಗಡಿಯ ಖರ್ಚನ್ನು ನೀವು ತುಂಬಿಕೊಟ್ಟರೆ, ಅವರ ಸ್ವಂತ ದುಡ್ಡು ಪೂರ್ವ ಗಡಿಗೆ ಉಳಿಯುತ್ತದೆ. ಹೆಚ್ಚುವರಿ ಖರ್ಚು ಮಾತ್ರ ಎಂಬ ನಿಯಮ ಇದ್ದದ್ದು ಇದಕ್ಕೇ. ಆದರೆ ಯುದ್ಧವಿಲ್ಲದಿದ್ದರೆ ಆ ಸೇನೆ ಎಷ್ಟು ಖರ್ಚು ಮಾಡುತ್ತಿತ್ತು ಎಂಬುದು ಗೊತ್ತಿದ್ದರೆ ತಾನೆ ಹೆಚ್ಚುವರಿ ಯಾವುದೆಂದು ಹೇಳುವುದು? ಪಾಕಿಸ್ತಾನದ ರಕ್ಷಣಾ ಬಜೆಟ್ಟನ್ನು ಅದರ ಸಂಸತ್ತಿಗೇ ಬಿಡಿಸಿ ತೋರಿಸುವ ಪದ್ಧತಿ ಇರಲಿಲ್ಲ.

ಕೊಂಚ ನ್ಯಾಯವಾಗಿ ಹೇಳಬೇಕಾದದ್ದೂ ಇದೆ. ದಕ್ಷಿಣ ವಜೀರಿಸ್ತಾನ, ಸ್ವಾತ್‌ಗಳಲ್ಲಿ ಪಾಕಿಸ್ತಾನದ ಸೈನಿಕರು ಸಾವಿರಗಟ್ಟಲೆ ಸತ್ತರು. ಅದು ಬಿಲ್ಲಿನ ಯುದ್ಧವಲ್ಲ. ಮತ್ತೆ, ಬಂದ ಡಾಲರು ನೇರ ಸೇನೆಯ ಕೈಗೆ ಹೋಗುತ್ತಿರಲಿಲ್ಲ. ಅದು ಸರ್ಕಾರದ ಖಜಾನೆ ಸೇರಿ ತೆರಿಗೆಯೇತರ ಆದಾಯವೆಂದು ಬಜೆಟ್ಟಿನಲ್ಲಿ ಜಮೆಯಾಗುತ್ತಿತ್ತು. ಐಎಂಎಫ್ ಸಾಲದ ಷರತ್ತುಗಳನ್ನು ಲೆಕ್ಕ ಹಾಕುವಾಗ ಈ ನಿಧಿ ಬಂತೇ ಇಲ್ಲವೇ ಎಂಬುದೂ ಒಂದು ಬಾಬ್ತು. ಹೆಲಿಕಾಪ್ಟರಿಗೆಂದು ಅಮೆರಿಕ ಕೊಟ್ಟ ಹಣ ಸಬ್ಸಿಡಿಯಲ್ಲೋ ಬಡ್ಡಿಯಲ್ಲೋ ಕರಗಿ, ಹೆಲಿಕಾಪ್ಟರುಗಳು ರಿಪೇರಿಯಿಲ್ಲದೆ ನಿಂತಿವೆ ಎಂದು ಅಲ್ಲಿನ ಸೇನೆಯವರೇ ಗೊಣಗಿದ್ದುಂಟು.

ರಸ್ತೆ ಮುಚ್ಚಿದಾಗ

ಲೆಕ್ಕಪರಿಶೋಧನೆಯ ಬಿಸಿ ಮುಟ್ಟಿದ ಮೇಲೆ ಪೆಂಟಗನ್ ಬಿಲ್ಲುಗಳನ್ನು ಕೊರೆದು ನೋಡಲು ಶುರುಮಾಡಿತು. ತಿರಸ್ಕರಿಸಿದ, ತಡೆಹಿಡಿದ ಮೊತ್ತ ಏರಿತು. ಆದರೆ ಹಣವೇ ನಿಲ್ಲಲಿಲ್ಲ. ಯಾಕೆಂಬುದಕ್ಕೆ 2011 ಉತ್ತರ ಕೊಡುತ್ತದೆ.

ಆ ವರ್ಷದ ಮೇ 2ರಂದು ಬಿನ್ ಲಾಡೆನ್ ಅಬೋಟಾಬಾದಿನಲ್ಲಿ ಸತ್ತ. ಪಾಕಿಸ್ತಾನದ ಸೇನಾ ಅಕಾಡೆಮಿಯ ಮಗ್ಗುಲಲ್ಲೇ ಅವನ ಮನೆ. ಸೆಪ್ಟೆಂಬರಿನಲ್ಲಿ ಅಮೆರಿಕದ ಸೇನಾ ಮುಖ್ಯಸ್ಥರ ಜಂಟಿ ಮಂಡಳಿಯ ಅಧ್ಯಕ್ಷ ಅಡ್ಮಿರಲ್ ಮೈಕ್ ಮುಲೆನ್ ಸಂಸತ್ತಿನ ಮುಂದೆ, ತಾಲಿಬಾನಿನ ಜೊತೆಗಿದ್ದ ಹಖ್ಖಾನಿ ಜಾಲ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್ಐನದೇ ಒಂದು ಅಂಗದಂತೆ ಕೆಲಸ ಮಾಡುತ್ತಿದೆ ಎಂದರು. ಒಂದು ಕೈಯಿಂದ ಬಿಲ್ಲು ಕೊಡುವವರು ಇನ್ನೊಂದು ಕೈಯಿಂದ ನಮ್ಮವರನ್ನು ಕೊಲ್ಲುವವರನ್ನು ಸಾಕುತ್ತಿದ್ದಾರೆ ಎಂಬ ಸಿಟ್ಟು ಅದು. ನವೆಂಬರ್ 26ರಂದು ಸಲಾಲಾ ಎಂಬಲ್ಲಿ ನ್ಯಾಟೋ ದಾಳಿಗೆ ಪಾಕಿಸ್ತಾನದ 24 ಸೈನಿಕರು ಬಲಿಯಾದರು. ಪಾಕಿಸ್ತಾನ ತೋರ್ಖಮ್, ಚಮನ್ ಎರಡನ್ನೂ ಮುಚ್ಚಿತು. ಶಮ್ಸಿ ನೆಲೆ ಖಾಲಿಮಾಡಿ ಎಂದಿತು.

ಅಮೆರಿಕ ಅಷ್ಟರಲ್ಲಿ ಬೇರೊಂದು ದಾರಿ ಮಾಡಿಕೊಂಡಿತ್ತು. ಲಾಟ್ವಿಯಾದ ರೀಗಾ ಬಂದರಿನಿಂದ ರಷ್ಯ, ಕಜಾಕಿಸ್ತಾನ, ಉಜ್ಬೇಕಿಸ್ತಾನಗಳ ಮೇಲೆ ರೈಲಿನಲ್ಲಿ ಸರಕು ತರುವ ಉತ್ತರದ ದಾರಿ. ಅದು ಕೆಲಸಕ್ಕೆ ಬಂತು, ಆದರೆ ದುಬಾರಿ. ರಸ್ತೆ ಮುಚ್ಚಿದ್ದರಿಂದ ತಿಂಗಳಿಗೆ 10 ಕೋಟಿ ಡಾಲರ್ ಹೆಚ್ಚು ಬೀಳುತ್ತಿದೆ ಎಂದು ರಕ್ಷಣಾ ಸಚಿವ ಲಿಯೋನ್ ಪನೆಟ್ಟಾ 2012ರ ಜೂನ್‌ನಲ್ಲಿ ಹೇಳಿದರು. ಮಾತುಕತೆಯಲ್ಲಿ ಪಾಕಿಸ್ತಾನ ಲಾರಿಗೆ 5,000 ಡಾಲರ್ ಸುಂಕ ಕೇಳಿದ ವರದಿಗಳಿದ್ದವು. ಹಿಂದೆ 250ರ ಆಸುಪಾಸಿನಲ್ಲಿತ್ತು. ಜುಲೈ 3ರಂದು ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಸೈನಿಕರ ಸಾವಿಗೆ ವಿಷಾದ ಹೇಳಿದರು. ರಸ್ತೆ ತೆರೆಯಿತು, ಸುಂಕ ಏರಲಿಲ್ಲ. ಅದಾಗಿ ಸ್ವಲ್ಪದರಲ್ಲೇ, ತಡೆಹಿಡಿದಿದ್ದ ಬಿಲ್ಲುಗಳ ಬಾಬ್ತು 110 ಕೋಟಿ ಡಾಲರಿನಷ್ಟು ಬಿಡುಗಡೆಯಾಯಿತು.

ಬಿಲ್ಲಿನ ಜೊತೆಗಿರುವ ರಸೀದಿಗಳಿಗಿಂತ ತೋರ್ಖಮ್‌ನ ಗೇಟಿಗೆ ತೂಕ ಹೆಚ್ಚು ಎಂಬುದು ಇಲ್ಲಿ ಕಾಣುತ್ತದೆ. ನಂತರದ ವರ್ಷಗಳು ಇದನ್ನೇ ಇನ್ನೊಂದು ಬದಿಯಿಂದ ತೋರಿಸಿದವು. 2010-11ರಲ್ಲಿ ಅಫ್ಘಾನಿಸ್ತಾನದಲ್ಲಿ ಸುಮಾರು 1 ಲಕ್ಷ ಅಮೆರಿಕನ್ ಸೈನಿಕರಿದ್ದರು. 2015ರ ಕೊನೆಗೆ 10,000ಕ್ಕಿಂತ ಕಡಿಮೆ. ಅಷ್ಟು ಜನಕ್ಕೆ ಅಷ್ಟು ಲಾರಿ ಬೇಡ. ಸಂಸತ್ತು ಆಗ ಷರತ್ತಿಗೆ ಹಲ್ಲು ಕೊಟ್ಟಿತು: ನಿಧಿಯ 30 ಕೋಟಿ ಡಾಲರನ್ನು, ಹಖ್ಖಾನಿ ಜಾಲದ ಮೇಲೆ ಪಾಕಿಸ್ತಾನ ಕ್ರಮ ಕೈಗೊಂಡಿದೆ ಎಂದು ರಕ್ಷಣಾ ಸಚಿವರು ಪ್ರಮಾಣೀಕರಿಸಿದರೆ ಮಾತ್ರ ಕೊಡಬೇಕು. ಪಾಕಿಸ್ತಾನ 2014ರ ಜೂನ್‌ನಲ್ಲಿ ಉತ್ತರ ವಜೀರಿಸ್ತಾನದಲ್ಲಿ ದೊಡ್ಡ ಕಾರ್ಯಾಚರಣೆ ಶುರುಮಾಡಿತ್ತು. ಆದರೂ 2016ರಲ್ಲಿ ರಕ್ಷಣಾ ಸಚಿವ ಆಶ್ಟನ್ ಕಾರ್ಟರ್ ಸಹಿ ಹಾಕಲಿಲ್ಲ. ಮರುವರ್ಷ ಅವರ ಸ್ಥಾನಕ್ಕೆ ಬಂದ ಜೇಮ್ಸ್ ಮ್ಯಾಟಿಸ್ ಕೂಡ ಹಾಕಲಿಲ್ಲ. 2018ರ ಜನವರಿ 1ರಂದು ಅಧ್ಯಕ್ಷ ಟ್ರಂಪ್, 3,300 ಕೋಟಿ ಡಾಲರ್ ನೆರವು ಕೊಟ್ಟು ಮೋಸಹೋದೆವು ಎಂದು ಟ್ವೀಟ್ ಮಾಡಿದರು. ಮೈತ್ರಿ ನಿಧಿಯ ಮೊತ್ತವೂ ಅದರೊಳಗೇ ಸೇರಿತ್ತು. ಸೆಪ್ಟೆಂಬರಿನಲ್ಲಿ ಇನ್ನೂ 30 ಕೋಟಿ ರದ್ದಾಯಿತು. ಅದು ನೆರವೇ ಅಲ್ಲ, ನಾವು ಖರ್ಚು ಮಾಡಿ ನಿಮ್ಮಿಂದ ಬರಬೇಕಿದ್ದ ಬಾಕಿ ಎಂದು ಪಾಕಿಸ್ತಾನದ ವಿದೇಶಾಂಗ ಸಚಿವ ಶಾ ಮಹಮೂದ್ ಖುರೇಶಿ ಉತ್ತರ ಕೊಟ್ಟರು. ಕಾನೂನಿನ ಅಕ್ಷರ ನೋಡಿದರೆ ಖುರೇಶಿ ಹೇಳಿದ್ದು ತಪ್ಪಲ್ಲ.

ತಲೆಗಿಷ್ಟು ಎಂದರೆ?

ಬಿಲ್ಲಿನ ಗೋಜಲೇ ಬೇಡ, ಸೈನಿಕನಿಗಿಷ್ಟು ಎಂದು ಕೊಟ್ಟುಬಿಡೋಣ ಎನ್ನುವವರಿದ್ದಾರೆ. ವಿಶ್ವಸಂಸ್ಥೆಯ ಶಾಂತಿಪಾಲನೆ ನಡೆಯುವುದು ಹಾಗೆಯೇ. 2018ರಲ್ಲಿ ಆ ದರ ತಿಂಗಳಿಗೆ ತಲಾ 1,428 ಡಾಲರ್ ಆಯಿತು. ಭಾರತದ ಸೈನಿಕನಾದರೂ ಇಟಲಿಯ ಸೈನಿಕನಾದರೂ ಅಷ್ಟೇ. ಹಣ ಹೋಗುವುದು ಅವನ ಸರ್ಕಾರಕ್ಕೆ.

ಸೊಮಾಲಿಯಾದಲ್ಲಿ ಅಲ್-ಶಬಾಬ್ ವಿರುದ್ಧ 2007ರಿಂದ ಕಾದಿದ ಆಫ್ರಿಕನ್ ಒಕ್ಕೂಟದ ಪಡೆಗೂ ಇದೇ ಮಾದರಿ. ಉಗಾಂಡಾ, ಬುರುಂಡಿ, ಕೀನ್ಯಾ, ಇಥಿಯೋಪಿಯಾ, ಜಿಬೂಟಿಗಳ ಸೈನಿಕರಿಗೆ ಯುರೋಪಿಯನ್ ಒಕ್ಕೂಟ ತಿಂಗಳಿಗೆ ತಲಾ 1,028 ಡಾಲರ್ ಭತ್ಯೆ ಕೊಡುತ್ತಿತ್ತು. ಅದರಲ್ಲಿ ಸುಮಾರು 200 ಡಾಲರನ್ನು ಆಯಾ ಸರ್ಕಾರ ಮುರಿದುಕೊಂಡು ಮಿಕ್ಕದ್ದನ್ನು ಸೈನಿಕನಿಗೆ ಕೊಡುತ್ತಿತ್ತು. ಇಲ್ಲಿ ಪುರಾವೆಯಿಲ್ಲದ ಬಂಕರಿಗೆ ಜಾಗವಿಲ್ಲ. ಆದರೆ ತೊಡಕು ಬೇರೆ ಬಾಗಿಲಿನಿಂದ ಬಂತು. 2015ರಲ್ಲಿ ಬುರುಂಡಿಯ ಅಧ್ಯಕ್ಷ ಪಿಯರ್ ಎನ್‌ಕುರುಂಜಿಜಾ ಮೂರನೇ ಅವಧಿಗೆ ನಿಂತು ದೇಶ ಹಿಂಸೆಗಿಳಿಯಿತು. 2016ರಲ್ಲಿ ಯುರೋಪಿಯನ್ ಒಕ್ಕೂಟ ಆ ಸರ್ಕಾರಕ್ಕೆ ನೇರ ನೆರವು ನಿಲ್ಲಿಸಿತು. ಆದರೆ ಬುರುಂಡಿಯ ಸುಮಾರು 5,400 ಸೈನಿಕರು ಮೊಗದಿಶುವಿನ ಕಡೆ ಯುರೋಪಿನ ದುಡ್ಡಿನಲ್ಲೇ ಕಾದುತ್ತಿದ್ದರು. ಅವರ ಭತ್ಯೆ ಬುರುಂಡಿಯ ಕೇಂದ್ರ ಬ್ಯಾಂಕಿನ ಮೂಲಕ ಹೋದರೆ ಸರ್ಕಾರಕ್ಕೆ ಪಾಲು ಸಿಗುತ್ತದೆ. ನಿಲ್ಲಿಸಿದರೆ ಸೈನಿಕನಿಗೆ ಸಂಬಳವಿಲ್ಲ. ನೇರ ಸೈನಿಕರಿಗೇ ಕೊಡುತ್ತೇವೆ ಎಂದಿತು ಯುರೋಪ್. ಹಾಗಾದರೆ ಪಡೆಯನ್ನೇ ವಾಪಸ್ ಕರೆಸುತ್ತೇವೆ ಎಂದಿತು ಬುರುಂಡಿ. ಇವರ ಹಗ್ಗಜಗ್ಗಾಟದಲ್ಲಿ ಸೈನಿಕರು ತಿಂಗಳುಗಟ್ಟಲೆ ಭತ್ಯೆಯಿಲ್ಲದೆ ಕಂದಕಗಳಲ್ಲಿ ಕೂತರು. 2017ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟ ನಡುವೆ ನಿಂತು ರಾಜಿ ಮಾಡಿಸಿತು: ಹಣ ಕೇಂದ್ರ ಬ್ಯಾಂಕಿನ ಬದಲು ಬುರುಂಡಿಯ ಒಂದು ವಾಣಿಜ್ಯ ಬ್ಯಾಂಕಿನ ಖಾತೆಗೆ ಹೋಗುವುದು ಎಂದು.