ಕೊಳೆರೋಗದ ಕುಲ ಯಾವುದು?

ಮಳೆ ಹಿಡಿಯಿತೆಂದರೆ ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಚಿಂತೆ. ಎಳೆಗಾಯಿಯ ತೊಟ್ಟಿನ ಬಳಿ ನೀರಲ್ಲಿ ನೆನೆದಂಥ ಕಲೆ ಮೂಡುತ್ತದೆ, ಕಾಯಿ ಉದುರುತ್ತದೆ, ಅದರ ಮೇಲೆ ಬಿಳಿ ಬೂಷ್ಟು ಹಬ್ಬುತ್ತದೆ. ಬೂಷ್ಟು ಹಿಡಿದ ಮೇಲೆ ಶಿಲೀಂಧ್ರವೇ ಸೈ ಎಂದುಕೊಳ್ಳುತ್ತೇವೆ. ಆದರೆ ಈ ರೋಗ ತರುವ ಫೈಟಾಫ್ತೊರಾ ಶಿಲೀಂಧ್ರವಲ್ಲ. ಅಣಬೆಗಿಂತ ಸಮುದ್ರದ ಕಂದು ಪಾಚಿಯೇ ಅದಕ್ಕೆ ಹತ್ತಿರದ ನೆಂಟ.

ಇಂಥ ಗೊಂದಲಕ್ಕೆ ಕಾರಣ ಜೀವಿಗಳನ್ನು ವಿಂಗಡಿಸಿದ ರೀತಿಯಲ್ಲೇ ಇದೆ. 1735ರಲ್ಲಿ ಲಿನಿಯಸ್ ಜೀವಿಗಳಿಗೆ ಕೊಟ್ಟದ್ದು ಎರಡೇ ಸಾಮ್ರಾಜ್ಯ: ಸಸ್ಯ ಮತ್ತು ಪ್ರಾಣಿ. ಅಣಬೆ, ಬೂಷ್ಟುಗಳೆಲ್ಲ ಸಸ್ಯಗಳ ಸಾಲಿಗೆ ಸೇರಿದವು. 1866ರಲ್ಲಿ ಹೆಕೆಲ್ ಸೂಕ್ಷ್ಮಜೀವಿಗಳಿಗಾಗಿ ಪ್ರೊಟಿಸ್ಟಾ ಎಂಬ ಮೂರನೆಯದನ್ನು ತೆರೆದ. ನಮ್ಮ ಶಾಲಾ ಪಠ್ಯಗಳಿಗೆ ಬಂದ ಐದು ಸಾಮ್ರಾಜ್ಯಗಳ ಪಟ್ಟಿ 1969ರಲ್ಲಿ ವಿಟೇಕರ್ ಕೊಟ್ಟದ್ದು. ಜೀವಿ ಹೇಗೆ ಉಣ್ಣುತ್ತದೆ ಎಂಬುದು ಆತನಿಗೆ ಮುಖ್ಯವಾಗಿತ್ತು: ಸಸ್ಯ ಆಹಾರ ತಯಾರಿಸುತ್ತದೆ, ಪ್ರಾಣಿ ನುಂಗುತ್ತದೆ, ಶಿಲೀಂಧ್ರ ಹೀರುತ್ತದೆ. ಎಳೆ ಎಳೆಯಾಗಿ ಬೆಳೆದು ಆಹಾರ ಹೀರುವ ಫೈಟಾಫ್ತೊರಾದಂಥವು ಸಹಜವಾಗಿಯೇ ಶಿಲೀಂಧ್ರಗಳ ಪಾಲಿಗೆ ಬಂದವು.

ಜೀವಕೋಶದೊಳಗಿನ ಸಾಕ್ಷ್ಯ ಮಾತ್ರ ಬೇರೆಯೇ ಹೇಳುತ್ತಿತ್ತು. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯ, ಫೈಟಾಫ್ತೊರಾದ ಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ. ಅದರ ಬೀಜಕಣಗಳಿಗೆ ಎರಡು ಬಾಲ. ಮಳೆನೀರಿನ ತೆಳು ಪದರದಲ್ಲಿ ಅವು ಈಜಿಕೊಂಡು ಹೋಗುತ್ತವೆ. ಬಿಡದೆ ಸುರಿಯುವ ಮಳೆಯಲ್ಲಿ ರೋಗ ಗೊನೆಯಿಂದ ಗೊನೆಗೆ ದಾಟುವುದಕ್ಕೆ ಇದೂ ಒಂದು ಕಾರಣ.

ಕೊನೆಗೆ ತೀರ್ಮಾನ ಕೊಟ್ಟದ್ದು ವಂಶವಾಹಿಗಳು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್, ಎಲ್ಲ ಜೀವಕೋಶಗಳಲ್ಲೂ ಇರುವ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡಿದರು. ಬ್ಯಾಕ್ಟೀರಿಯಾ ಎಂದೇ ನಂಬಿದ್ದ ಮೀಥೇನ್ ಉತ್ಪಾದಕ ಜೀವಿಗಳು ಬೇರೆಯೇ ವಂಶದವು ಎಂದು 1977ರಲ್ಲಿ ತೋರಿಸಿದರು. ನಮ್ಮ ಗೋಬರ್ ಗ್ಯಾಸ್ ಗುಂಡಿಯಲ್ಲಿ ಅನಿಲ ಹುಟ್ಟಿಸುವವೂ ಇದೇ ಗುಂಪಿನವು. 1990ರಲ್ಲಿ ಸಾಮ್ರಾಜ್ಯಗಳಿಗೂ ಮೇಲೆ ಮೂರು ಡೊಮೈನ್‌ಗಳು ಬಂದವು: ಬ್ಯಾಕ್ಟೀರಿಯಾ, ಆರ್ಕಿಯಾ, ಯುಕಾರ್ಯಾ. ಅಡಿಕೆ ಮರ, ಅಣಬೆ, ಫೈಟಾಫ್ತೊರಾ, ನಾವು, ಎಲ್ಲರೂ ಮೂರನೆಯದರಲ್ಲಿ. ಅದರೊಳಗಿನ ನೆಂಟಸ್ತಿಕೆಯೂ ತಲೆಕೆಳಗಾಯಿತು. ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೆ ಹತ್ತಿರ ಎಂದಾಯಿತು, ಫೈಟಾಫ್ತೊರಾ ಕಂದು ಪಾಚಿ ಮತ್ತು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಮನೆತನಕ್ಕೆ ಸೇರಿತು.

ಹೆಸರು ಬದಲಾದರೆ ತೋಟಕ್ಕೇನು ಲಾಭ? ಲಾಭವಿದೆ. ಅನೇಕ ಶಿಲೀಂಧ್ರನಾಶಕಗಳು ಶಿಲೀಂಧ್ರ ತಯಾರಿಸುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ ತಡೆ ಹಾಕುತ್ತವೆ. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಹಾಗಾಗಿ ಅಂಥ ಔಷಧಿ ಅದರ ಮೇಲೆ ಅಷ್ಟಾಗಿ ನಾಟುವುದಿಲ್ಲ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ನಾಟುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿ, ಇದನ್ನೇ ಬಳಕೆಗೆ ತಂದರು. ಫ್ರಾನ್ಸಿನಲ್ಲಿ 1880ರ ದಶಕದಲ್ಲಿ ದ್ರಾಕ್ಷಿಯ ಬೂಜು ರೋಗಕ್ಕೆಂದು ಹುಟ್ಟಿದ ದ್ರಾವಣವದು. ಆ ರೋಗಾಣುವೂ ಫೈಟಾಫ್ತೊರಾದ ದಾಯಾದಿಯೇ. ಕುಲ ಗೊತ್ತಿಲ್ಲದ ಕಾಲದಲ್ಲೂ ಮದ್ದು ಸರಿಯಾದ ಮನೆಗೇ ಮುಟ್ಟಿತ್ತು.

ಈಗ ಅಂಗಡಿಯ ಕಪಾಟಿನಲ್ಲಿ ಹತ್ತಾರು ಡಬ್ಬಿಗಳಿವೆ. ಶಿಲೀಂಧ್ರನಾಶಕ ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ದುಡ್ಡು ಎಣಿಸಬೇಡಿ. ಫೈಟಾಫ್ತೊರಾಕ್ಕೆ ಆಗುತ್ತದೆಯೇ ಎಂದು ಮೊದಲು ಕೇಳಿ.