ಬಾಣಂತಿಯ ಖಿನ್ನತೆಗೆ ಬಸಿರಲ್ಲೇ ಆರೈಕೆ

ಗಬ್ಬದ ಹಸು ಮೇವು ಬಿಟ್ಟರೆ ಅಂದೇ ಪಶುವೈದ್ಯರಿಗೆ ಹೇಳಿ ಕಳಿಸುತ್ತೇವೆ. ಮನೆಯ ಬಸುರಿ ಎರಡು ವಾರ ಊಟ, ನಿದ್ರೆ ಬಿಟ್ಟು ಮಂಕಾಗಿ ಕುಳಿತರೆ ಮಾತ್ರ 'ಇದ್ದದ್ದೇ, ಹೆತ್ತ ಮೇಲೆ ಸರಿಹೋದೀತು' ಎನ್ನುತ್ತೇವೆ. ಖಿನ್ನತೆಯಾಗಿದ್ದರೆ ಅದು ಎಷ್ಟೋ ಬಾರಿ ಬಾಣಂತನಕ್ಕೂ ಮುಂದುವರಿಯುತ್ತದೆ. ಬಸಿರಲ್ಲೇ ಚಿಕಿತ್ಸೆ ಕೊಟ್ಟರೆ ತಡೆಯುವ ಅವಕಾಶವಿದೆ.

ಮೊದಲೇ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದವಳು ಮುಟ್ಟು ನಿಂತೊಡನೆ ಮಗುವಿಗೆ ತೊಂದರೆಯಾದೀತೆಂದು ಅದನ್ನು ಬಿಟ್ಟುಬಿಡುತ್ತಾಳೆ. ಅತ್ತೆಯೂ 'ಬಿಡು' ಎನ್ನುತ್ತಾರೆ, ಅವರದೂ ಮಮತೆಯೇ. ಆದರೆ 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ನೋಡಿ. ಹಿಂದೆ ತೀವ್ರ ಖಿನ್ನತೆಯಿದ್ದು ಮಾತ್ರೆಯಿಂದ ಸುಧಾರಿಸಿದ್ದ 201 ಗರ್ಭಿಣಿಯರಲ್ಲಿ, ಮಾತ್ರೆ ನಿಲ್ಲಿಸಿದವರ ಪೈಕಿ ನೂರಕ್ಕೆ 68 ಮಂದಿಗೆ ಕಾಯಿಲೆ ಮರಳಿತು. ಮುಂದುವರಿಸಿದವರಲ್ಲಿ ನೂರಕ್ಕೆ 26 ಮಂದಿಗೆ.

ಮಾತ್ರೆಗಳೆಲ್ಲ ಒಂದೇ ಅಲ್ಲ. ಫಿಟ್ಸ್‌ಗೂ ಕೆಲವು ಮನೋರೋಗಗಳಿಗೂ ಕೊಡುವ ವಾಲ್‌ಪ್ರೋಯೇಟ್ ಗರ್ಭದ ಶಿಶುವಿಗೆ ಅಪಾಯಕಾರಿ. ಖಿನ್ನತೆಯ ಸರ್ಟ್ರಾಲಿನ್ ಎದೆಹಾಲಿಗೆ ಇಳಿಯುವುದು ಅತ್ಯಲ್ಪ. ಆದುದರಿಂದ ನೀವಾಗಿ ನಿಲ್ಲಿಸಬೇಡಿ. ಬಸಿರು ತಿಳಿದ ವಾರವೇ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋಗಿ. ಹೊಸದಾಗಿ ಆರಂಭಿಸಿದ ಮಾತ್ರೆಯ ಗುಣ ಕಾಣಲು ಕೆಲವು ವಾರಗಳೇ ಬೇಕು, ಒಂಬತ್ತನೇ ತಿಂಗಳವರೆಗೆ ಕಾಯುವಂತಿಲ್ಲ. ಸೌಮ್ಯ ಖಿನ್ನತೆಗೆ ಆಪ್ತಸಲಹೆಯೇ ಸಾಕಾಗಬಹುದು.

'ಸಾಯಬೇಕು' ಎಂಬ ಮಾತು ಬಂದರೆ ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ದೂರವಾಣಿ 14416 ಹಗಲಿರುಳು ಉಚಿತ.