ಧಾರಣೆಯನ್ನು ಮುಂಗಾಣುವ ಯಂತ್ರ: ಚಿತ್ರದುರ್ಗ ಸೀಮೆಯ ಪೇಟೆಗಳೂ ಕೃತಕ ಬುದ್ಧಿಮತ್ತೆಯೂ

ಬಡ ದೇಶಗಳ ಏಳಿಗೆಗಾಗಿ ಹೊರನಾಡಿನ ಸರಕಾರಗಳೂ ಸಂಸ್ಥೆಗಳೂ ನೀಡುವ ನೆರವಿನ ರೀತಿಯು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಬಹುಮಟ್ಟಿಗೆ ಮಾರ್ಪಟ್ಟಿದೆ. ಮೊದಲು ಬೀಜ, ಗೊಬ್ಬರ, ಪಂಪು, ಒಡ್ಡು ಮುಂತಾದುವನ್ನು ನೇರವಾಗಿ ಕೊಡುವುದೇ ನೆರವೆನಿಸಿಕೊಂಡಿದ್ದಿತು. ಆಮೇಲೆ ಬೇರೊಂದು ವಾದವು ತಲೆಯೆತ್ತಿತು. ಬಡವನು ಕೊಳ್ಳುವ ಮತ್ತು ಮಾರುವ ಪೇಟೆಯಲ್ಲಿಯೇ ಕೊರತೆಯಿದೆ. ಆ ಕೊರತೆಯನ್ನು ನೀಗಿದರೆ, ನೆರವು ನಿಂತ ಮೇಲೆಯೂ ಅದರ ಫಲ ಉಳಿಯುತ್ತದೆ ಎಂಬುದೇ ಆ ವಾದ. ಬ್ರಿಟನ್ನಿನ ಮತ್ತು ಸ್ವಿಟ್ಜರ್ಲೆಂಡಿನ ಅಭಿವೃದ್ಧಿ ಸಂಸ್ಥೆಗಳು ಇದನ್ನು ವಿಶೇಷವಾಗಿ ಎತ್ತಿ ಹಿಡಿದುವು. ನೆರವು ನಿಲ್ಲುವುದೆಂಬುದು ಬರಿಯ ಊಹೆಯ ಮಾತಲ್ಲವೆಂಬುದು 2025ರ ಜುಲೈ ತಿಂಗಳಲ್ಲಿ ಅಮೆರಿಕದ ಅಂತಾರಾಷ್ಟ್ರೀಯ ನೆರವಿನ ಸಂಸ್ಥೆಯು ಮುಚ್ಚಿದಾಗ ಎಲ್ಲರಿಗೂ ವಿದಿತವಾಯಿತು. ಪೇಟೆಯ ಮೂಲಕ ನಡೆಯುವ ಇಂತಹ ಕಾರ್ಯಕ್ರಮಗಳೊಡನೆ ಈಗ ಕೃತಕ ಬುದ್ಧಿಮತ್ತೆಯು ಕೂಡಿಕೊಂಡಿದೆ. ಅದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ಸೀಮೆಯ ರೈತನ ಕೈಗೆ ಏನನ್ನು ತಂದುಕೊಡಬಲ್ಲುದು, ಏನನ್ನು ತರಲಾರದು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳು ಕೃಷಿಶಾಸ್ತ್ರಜ್ಞರು ಮಧ್ಯ ಒಣವಲಯವೆಂದು ಹೆಸರಿಸುವ ಪ್ರದೇಶಕ್ಕೆ ಸೇರಿದುವು. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಹೊಳಲ್ಕೆರೆಯ ಕಡೆ ತುಸು ಹೆಚ್ಚು, ಹಿರಿಯೂರಿನ ಕಡೆ ಕಡಿಮೆ. ಹೊಳಲ್ಕೆರೆಯಲ್ಲಿ ಅಡಿಕೆ ಮತ್ತು ಮುಸುಕಿನ ಜೋಳ, ಹೊಸದುರ್ಗದಲ್ಲಿ ತೆಂಗು, ರಾಗಿ, ಸಾವೆ, ದಾಳಿಂಬೆ, ಚಿತ್ರದುರ್ಗ ಹಿರಿಯೂರುಗಳಲ್ಲಿ ಈರುಳ್ಳಿ, ಶೇಂಗಾ ಹೀಗೆ ಬೆಳೆಗಳು ಹಂಚಿಕೊಂಡಿವೆ. ಇವುಗಳಲ್ಲಿ ರಾಗಿ ಸಾವೆಗಳನ್ನು ಬಿಟ್ಟರೆ ಮಿಕ್ಕುವೆಲ್ಲ ಪೇಟೆಗಾಗಿಯೇ ಬೆಳೆಯುವಂತಹವು. ಆದುದರಿಂದ ಇಲ್ಲಿಯ ಸಂಸಾರಗಳ ಸುಖದುಃಖಗಳು ಮಳೆ ಮತ್ತು ಧಾರಣೆ ಎಂಬ ಎರಡು ಅನಿಶ್ಚಿತಗಳ ಮೇಲೆ ನಿಂತಿವೆ.

ಹೊರನಾಡಿನ ನೆರವೂ ಯಂತ್ರದ ಕಣ್ಣೂ ಒಂದಾಗಿ ಈ ಜಿಲ್ಲೆಗೆ ಬಂದುದು ಇದೇ ಮೊದಲಲ್ಲ. ವಿಶ್ವಬ್ಯಾಂಕಿನ ಸಾಲದಿಂದ 2001ರಲ್ಲಿ ಮಂಜೂರಾಗಿ 2009ರಲ್ಲಿ ಮುಗಿದ ಸುಜಲ ಜಲಾನಯನ ಯೋಜನೆಯು ಕೈಗೊಂಡ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಆಗ ಉಪಗ್ರಹವು ತೆಗೆದ ಚಿತ್ರಗಳಿಂದ ಹೊಲಗಳ ಹಸಿರನ್ನೂ ನೀರನ್ನೂ ಅಳೆದು ಕೆಲಸದ ಫಲವನ್ನು ಪರೀಕ್ಷಿಸಿದರು. ಆದರೆ ಆ ಚಿತ್ರಗಳು ಆದುದನ್ನು ತೋರಿಸುತ್ತಿದ್ದುವೇ ಹೊರತು ಆಗಲಿರುವುದನ್ನು ಹೇಳುತ್ತಿರಲಿಲ್ಲ. ಇಂದಿನ ಯಂತ್ರವು ಆಗಲಿರುವುದನ್ನು ಹೇಳುವೆನೆನ್ನುತ್ತದೆ, ಹೊಸತನವಿರುವುದು ಇಲ್ಲಿ.

ಹೇಳುವುದು ಹೇಗೆ? ಗಣಕಯಂತ್ರಕ್ಕೆ ಇಲ್ಲಿ ಯಾರೂ ನಿಯಮವನ್ನು ಬರೆದುಕೊಡುವುದಿಲ್ಲ, ನಿದರ್ಶನಗಳನ್ನು ಕೊಡುತ್ತಾರೆ. ಹತ್ತಿಪ್ಪತ್ತು ವರ್ಷಗಳ ದಿನದಿನದ ಧಾರಣೆ, ಪೇಟೆಗೆ ಬಂದ ಆವಕ, ಬಿತ್ತನೆಯ ವಿಸ್ತೀರ್ಣ, ಮಳೆ ಇವುಗಳನ್ನು ಅದರ ಮುಂದಿಟ್ಟರೆ, ಯಾವುದರ ಏರಿಳಿತಕ್ಕೆ ಧಾರಣೆಯು ಎಷ್ಟರಮಟ್ಟಿಗೆ ಅಲುಗುತ್ತದೆಂಬುದನ್ನು ಅದು ತಪ್ಪಿ ತಿದ್ದಿಕೊಂಡು, ಮತ್ತೆ ತಪ್ಪಿ ಮತ್ತೆ ತಿದ್ದಿಕೊಂಡು ಗೊತ್ತುಮಾಡುತ್ತದೆ. ಕರ್ನಾಟಕ ಕೃಷಿ ಬೆಲೆ ಆಯೋಗವು 2017ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೊಡನೆ ಮಾಡಿಕೊಂಡ ಒಡಂಬಡಿಕೆಯಲ್ಲಿ ಇಂತಹುದೇ ಒಂದು ಬೆಲೆಯ ಮುನ್ಸೂಚನೆಯ ಮಾದರಿಯನ್ನು ಕಟ್ಟುವ ಉದ್ದೇಶವಿದ್ದಿತು; ಮೊದಲಿಗೆ ಆರಿಸಿಕೊಂಡುದು ತೊಗರಿಯನ್ನು. ಈಚಿನ ವರ್ಷಗಳಲ್ಲಿ ರೈತರೇ ತಮ್ಮ ಹೊಲದ ಬೆಳೆಯ ಚಿತ್ರವನ್ನು ಕೈದೂರವಾಣಿಯಿಂದ ಕಳುಹಿಸುವ ಬೆಳೆ ಸಮೀಕ್ಷೆಯ ಏರ್ಪಾಡೂ ನಮ್ಮ ರಾಜ್ಯದಲ್ಲುಂಟು. ಇಂತಿರಲು ಯಂತ್ರಕ್ಕೆ ಕೊಡಲು ಸಾಮಗ್ರಿಯ ಅಭಾವವಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಮಳೆಯ ಮುನ್ಸೂಚನೆಯೂ ಧಾರಣೆಯ ಮುನ್ಸೂಚನೆಯೂ ಒಂದೇ ಜಾತಿಯವೆಂದು ಕಾರ್ಯಕ್ರಮಗಳ ವರದಿಗಳಲ್ಲಿ ಅವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದುಂಟು. ಇದು ಸರಿಯಲ್ಲ. ಮಳೆಯು ನಮ್ಮ ಮಾತನ್ನು ಕೇಳಿ ತನ್ನ ದಿಕ್ಕನ್ನು ಬದಲಾಯಿಸುವುದಿಲ್ಲ, ಧಾರಣೆಯು ಬದಲಾಯಿಸುತ್ತದೆ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಮಂತ್ರಾಲಯವು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ, ಕೃತಕ ಬುದ್ಧಿಮತ್ತೆಯ ಸಹಾಯದಿಂದ ಗಣಿಸಿದ ಮಳೆಯ ಆರಂಭಕಾಲವನ್ನು ದೂರವಾಣಿಯ ಸಂದೇಶದ ಮೂಲಕ ತಿಳಿಸಿತು. ಆ ವರ್ಷ ಬೇಗನೆ ಕಾಲಿಟ್ಟ ಮುಂಗಾರು ನಡುವೆ ಸುಮಾರು 20 ದಿನ ನಿಂತುಹೋಯಿತು. ಆ ತಡೆಯನ್ನು ಯಂತ್ರವು ಮೊದಲೇ ಗುರುತಿಸಿದ್ದಿತು. ಈ ಸುದ್ದಿಯು ಒಬ್ಬನಿಗೆ ತಿಳಿದರೂ ಕೋಟಿ ಜನರಿಗೆ ತಿಳಿದರೂ ಅದರ ಬೆಲೆ ಕುಂದುವುದಿಲ್ಲ. ನೆರೆಯವನು ಬಿತ್ತನೆಯನ್ನು ಮುಂದಕ್ಕೆ ಹಾಕಿದನೆಂದು ನಮ್ಮ ಹೊಲಕ್ಕೆ ಮಳೆ ಕಡಿಮೆಯಾಗದು.

ಧಾರಣೆಯ ವಿಷಯವಾದರೋ ಹೀಗಲ್ಲ. ಬರುವ ಕಾರ್ತಿಕದಲ್ಲಿ ಈರುಳ್ಳಿಯ ಬೆಲೆ ಏರುವುದೆಂದು ಯಂತ್ರವು ನುಡಿಯಿತೆನ್ನೋಣ. ಹಿರಿಯೂರಿನ ಒಬ್ಬ ರೈತನು ಮಾತ್ರ ಅದನ್ನರಿತು ಎರಡು ಎಕರೆ ಈರುಳ್ಳಿ ಹಾಕಿದರೆ ಅವನಿಗೆ ಲಾಭ. ಅದೇ ಸಂದೇಶವು ಜಿಲ್ಲೆಯ ಎಲ್ಲ ದೂರವಾಣಿಗಳಿಗೂ ಹೋಗಿ ಎಲ್ಲರೂ ಈರುಳ್ಳಿಯನ್ನೇ ಹಾಕಿದರೆ, ಲಾರಿಗಳು ಒಟ್ಟಿಗೆ ಬೆಂಗಳೂರಿನ ಹಾದಿ ಹಿಡಿದು, ಯಂತ್ರದ ಮಾತು ಯಂತ್ರದ ಮಾತಿನಿಂದಲೇ ಸುಳ್ಳಾಗುವುದು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಹೋದ ವರ್ಷದ ಬೆಲೆಯನ್ನು ನೋಡಿ ಈ ವರ್ಷ ಬಿತ್ತುವುದರಿಂದ ಬೆಲೆಯೂ ಬೆಳೆಯೂ ಒಂದನ್ನೊಂದು ಅಟ್ಟಿಕೊಂಡು ಸುತ್ತುವುದನ್ನು ಜೇಡರಬಲೆಯ ಪ್ರಮೇಯವೆಂಬ ಹೆಸರಿನಲ್ಲಿ ಎಝೆಕಿಯೆಲ್ 1938ರಲ್ಲಿಯೇ ವಿವರಿಸಿದ್ದಾನೆ. ರೈತನು ಹೋದ ವರ್ಷದ ಬೆಲೆಯ ಬದಲು ಯಂತ್ರದ ಬೆಲೆಯನ್ನು ನಂಬಿದರೆ ಬಲೆಯು ಹರಿಯುವುದಿಲ್ಲ. ಯಂತ್ರಕ್ಕೆ ತನ್ನ ಮಾತನ್ನು ಕೇಳಿದವರೆಷ್ಟು ಜನ ಎಂಬುದೂ ಗೊತ್ತಿರಬೇಕಾಗುತ್ತದೆ. ಬಹುಮಟ್ಟಿನ ಮಾದರಿಗಳಲ್ಲಿ ಆ ಲೆಕ್ಕಕ್ಕೆ ಸ್ಥಾನವೇ ಇಲ್ಲ.

ಇನ್ನೊಂದು ತೊಡಕು, ಯಂತ್ರವು ಹಿಂದಿನದನ್ನು ಮಾತ್ರ ಬಲ್ಲದೆಂಬುದು. ಇದಕ್ಕೆ ನಮ್ಮ ವಾಣೀವಿಲಾಸ ಸಾಗರಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ಈ ಜಲಾಶಯವು 1933ರಲ್ಲಿ ಕೋಡಿ ಬಿದ್ದಿತು. ಆಮೇಲೆ 89 ವರ್ಷಗಳ ಕಾಲ ಕೋಡಿಯ ಮೇಲೆ ನೀರು ಹರಿಯಲಿಲ್ಲ. 2021ರಲ್ಲಿ ಯಾವ ಯಂತ್ರಕ್ಕಾದರೂ ಈ ದಾಖಲೆಯನ್ನು ಕಲಿಸಿ ಕೇಳಿದ್ದರೆ, ಕೋಡಿ ಬೀಳುವ ಸಂಭವವು ಇಲ್ಲವೆನ್ನುವಷ್ಟು ಕಡಿಮೆಯೆಂದು ಅದು ಹೇಳುತ್ತಿದ್ದಿತು; ಹಾಗೆ ಹೇಳುವುದೇ ಅದಕ್ಕೆ ನ್ಯಾಯ. ಆದರೆ 2022ರಲ್ಲಿ ಕೋಡಿ ಬಿದ್ದಿತು, 2025ರಲ್ಲಿ ಮತ್ತೆ ಬಿದ್ದಿತು. ಮಳೆ ಹೆಚ್ಚಿದುದಲ್ಲದೆ ಭದ್ರೆಯ ನೀರೂ ಇತ್ತ ಹರಿಯತೊಡಗಿದುದು ಹಳೆಯ ಪುಸ್ತಕಗಳಲ್ಲಿ ಇರಲಿಲ್ಲ. ಧಾರಣೆಯಲ್ಲಿಯೂ ಹೀಗೆಯೇ. 2023ರ ಆಗಸ್ಟಿನಲ್ಲಿ ಈರುಳ್ಳಿಯ ರಫ್ತಿನ ಮೇಲೆ ಶೇಕಡ 40ರ ಸುಂಕ ಬಿದ್ದಿತು. ಡಿಸೆಂಬರಿನಲ್ಲಿ ರಫ್ತೇ ನಿಷೇಧವಾಯಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆರವಾಯಿತು. ಮಳೆ, ಆವಕ, ವಿಸ್ತೀರ್ಣ ಇವುಗಳನ್ನೆಲ್ಲ ಅರೆದು ಕುಡಿದ ಯಂತ್ರಕ್ಕೂ ದಿಲ್ಲಿಯ ಆಜ್ಞೆಯ ದಿನಾಂಕವನ್ನು ಮುಂಗಾಣುವ ದಾರಿಯಿಲ್ಲ.

ಹಾಗಾದರೆ ಧಾರಣೆಯ ತಿಳಿವಳಿಕೆಯೇ ನಿರರ್ಥಕವೆ? ಹಾಗೆನ್ನಲಾಗದು. ತಿಳಿವಳಿಕೆಯು ಯಾವಾಗ ಹಣವಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಎರಡು ಪ್ರಸಿದ್ಧ ಶೋಧನೆಗಳಿವೆ. ಒಂದು, ರಾಬರ್ಟ್ ಜೆನ್ಸೆನ್ 2007ರಲ್ಲಿ ಪ್ರಕಟಿಸಿದ್ದು. 1997ರಿಂದ 2001ರ ಅವಧಿಯಲ್ಲಿ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡುಗಳ ಕಡಲ ತೀರಕ್ಕೆ ಕೈದೂರವಾಣಿ ಬಂದಾಗ, ಮೀನುಗಾರರು ದೋಣಿಯಲ್ಲಿರುವಾಗಲೇ ಯಾವ ತೀರದಲ್ಲಿ ಬೆಲೆಯುಂಟೆಂದು ಕೇಳಿ ಅತ್ತ ತಿರುಗತೊಡಗಿದರು. ಅವರ ಲಾಭ ಸರಾಸರಿ ಶೇಕಡ 8ರಷ್ಟು ಏರಿತು, ಕೊಳ್ಳುವವರ ಬೆಲೆ ಶೇಕಡ 4ರಷ್ಟು ಇಳಿಯಿತು, ಮೀನು ಕೊಳೆತು ಚೆಲ್ಲುವುದು ತಪ್ಪಿತು. ಇನ್ನೊಂದು, ಫಾಫ್‌ಶಾಂಪ್ ಮತ್ತು ಮಿಂಟೆನ್ ಇವರು ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ್ದು. ಅಲ್ಲಿ ಈರುಳ್ಳಿ, ದಾಳಿಂಬೆ ಮುಂತಾದ ಬೆಳೆಗಳ ಧಾರಣೆಯನ್ನೂ ಹವೆಯ ವರ್ತಮಾನವನ್ನೂ ರೈತರಿಗೆ ಒಂದು ವರ್ಷ ಧರ್ಮಾರ್ಥವಾಗಿ ಕಳುಹಿಸಿದರು. ಅವರಿಗೆ ಸಿಕ್ಕಿದ ಬೆಲೆಯಲ್ಲಿ ಗಣನೀಯವಾದ ಹೆಚ್ಚಳ ಕಾಣಲಿಲ್ಲ.

ಎರಡನೆಯದರ ಬೆಳೆಗಳೇ ನಮ್ಮವೂ ಆಗಿರುವುದರಿಂದ ಇದನ್ನು ನಾವು ಲಘುವಾಗಿ ನೋಡುವಂತಿಲ್ಲ. ವ್ಯತ್ಯಾಸವು ಸಂದೇಶದಲ್ಲಿಲ್ಲ, ದೋಣಿಯಲ್ಲಿದೆ ಎಂದು ನಮ್ಮ ಅಭಿಪ್ರಾಯ. ಮೀನುಗಾರನ ಸರಕು ಆಗಲೇ ದೋಣಿಯಲ್ಲಿದ್ದಿತು, ಚುಕ್ಕಾಣಿ ಅವನ ಕೈಯಲ್ಲಿದ್ದಿತು, ಮುಂದಿನ ತೀರ ಹತ್ತಿರವಿದ್ದಿತು. ಹೊಸದುರ್ಗದ ಸಣ್ಣ ಹಿಡುವಳಿದಾರನಿಗೆ ಲಾರಿಯನ್ನು ನೆರೆಯವರೊಡನೆ ಹಂಚಿಕೊಳ್ಳಬೇಕು. ಬಿತ್ತನೆಗೆ ಮುಂಗಡ ಕೊಟ್ಟ ಮಂಡಿಗೇ ಮಾಲು ಹಾಕಬೇಕು. ಉಗ್ರಾಣವಿಲ್ಲದಿದ್ದರೆ ಹದಿನೈದು ದಿನ ಕಾಯುವುದೂ ಸಾಧ್ಯವಿಲ್ಲ. ಇಂತಹವನಿಗೆ ‘ಮುಂದಿನ ತಿಂಗಳು ಬೆಲೆ ಏರುತ್ತದೆ’ ಎಂಬ ಸಂದೇಶವು ಬರಿಯ ಸಂಕಟ. ಅದೇ ಮುನ್ಸೂಚನೆಯು ಗೋದಾಮೂ ಬಂಡವಾಳವೂ ಉಳ್ಳ ಖರೀದಿದಾರನ ಕೈಗೆ ಬಂದರೆ ಆ ದಿನವೇ ಅದು ಹಣ. ಇಬ್ಬರಿಗೂ ಸಮವಾಗಿ ಕೊಟ್ಟ ತಿಳಿವಳಿಕೆಯು ಇಬ್ಬರನ್ನೂ ಸಮಮಾಡುವುದಿಲ್ಲ. ಪೇಟೆಯ ಮೂಲಕ ಅಭಿವೃದ್ಧಿಯೆನ್ನುವವರು ಈ ಮಾತಿಗೆ ಉತ್ತರ ಹೇಳಬೇಕಾಗಿದೆ.

ಉತ್ತರದ ಒಂದು ಭಾಗವು ಕರ್ನಾಟಕದಲ್ಲಿಯೇ ಇದೆ, ಮತ್ತು ಅದು ಮುನ್ಸೂಚನೆಯ ಯಂತ್ರವಲ್ಲ. 1966ರ ಕೃಷಿ ಉತ್ಪನ್ನ ಮಾರುಕಟ್ಟೆಯ ಕಾಯಿದೆಯಂತೆ ನಡೆದುಬಂದ ನಮ್ಮ ಪೇಟೆಗಳನ್ನು 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಒಂದುಗೂಡಿಸುತ್ತ ಬಂದರು. ರೈತನ ಮಾಲಿಗೆ ಲಾಟಿನ ಸಂಖ್ಯೆ ಬೀಳುತ್ತದೆ. ಬೇರೆ ಊರಿನ ಖರೀದಿದಾರನೂ ಗಣಕಯಂತ್ರದ ಮೂಲಕ ಟೆಂಡರು ಹಾಕಬಹುದು. ಒಬ್ಬರು ಹಾಕಿದ ಬೆಲೆ ಇನ್ನೊಬ್ಬರಿಗೆ ಕಾಣದು. ರೆಟ್ಸೆಫ್ ಲೆವಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಈ ಏರ್ಪಾಡಿನಿಂದ ಭತ್ತದ ಧಾರಣೆ ಶೇಕಡ 5.1, ಶೇಂಗಾದ್ದು 3.6, ಮುಸುಕಿನ ಜೋಳದ್ದು 3.5ರಷ್ಟು ಏರಿತು. ಕಡೆಯ ಎರಡೂ ಈ ಜಿಲ್ಲೆಯ ಬೆಳೆಗಳೆಂಬುದನ್ನು ವಾಚಕರು ಗಮನಿಸಬೇಕು. ಎಲ್ಲ ಬೆಳೆಗಳಿಗೂ ಇಂತಹ ಫಲ ದೊರೆಯಲಿಲ್ಲ. ಮಾಲಿನ ಗುಣವನ್ನು ದೂರದಿಂದ ನಂಬುವಂತೆ ಪರೀಕ್ಷಿಸಬಹುದೆ, ಕೊಳ್ಳುವವರಲ್ಲಿ ಪೈಪೋಟಿಯುಂಟೆ ಎಂಬುದರ ಮೇಲೆ ಅದು ನಿಂತಿದೆ. ಖರೀದಿದಾರರು ನಾಲ್ಕೇ ಜನವಿದ್ದು ನಾಲ್ವರೂ ಒಂದಾಗಿದ್ದರೆ ಟೆಂಡರನ್ನು ಚೀಟಿಯಲ್ಲಿ ಬರೆದರೇನು, ಯಂತ್ರದಲ್ಲಿ ಒತ್ತಿದರೇನು?

ಗುಣಪರೀಕ್ಷೆಯ ಮಾತು ಬಂದಿತು. ಕೃತಕ ಬುದ್ಧಿಮತ್ತೆಯು ನಿಜವಾಗಿ ಕೈಗೆ ಬರಬಹುದಾದ ಎಡೆ ಇದೆಂದು ನಮಗೆ ತೋರುತ್ತದೆ. ಹೊಳಲ್ಕೆರೆಯ ಅಡಿಕೆಯನ್ನು ತೆಗೆದುಕೊಳ್ಳಿ. ಚಿತ್ರದುರ್ಗದ ಪೇಟೆಯಲ್ಲಿ ಅದು ಅಪಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಬೇರೆಬೇರೆಯಾಗಿ ಮಾರಾಟವಾಗುತ್ತದೆ. ಅಪಿಗೂ ಕೆಂಪುಗೋಟಿಗೂ ಧಾರಣೆಯಲ್ಲಿ ಅಪಾರವಾದ ಅಂತರ. ಈ ವಿಂಗಡಣೆ ಅನುಭವವುಳ್ಳವರ ಕಣ್ಣಿನದು, ಕೈಯದು. ಹಾಗೂ ಬಹುಸಾರಿ ಆ ಕಣ್ಣು ಕೊಳ್ಳುವವನ ಕಡೆಯದು. ಬಣ್ಣ, ಸುಕ್ಕು, ಒಡಕು ಇವುಗಳನ್ನು ಚಿತ್ರದಿಂದ ಗುರುತಿಸುವುದನ್ನು ಯಂತ್ರಕ್ಕೆ ಕಲಿಸಬಹುದು. ಕಲಿಸಲು ಸಾವಿರಾರು ಅಡಿಕೆಗಳ ಚಿತ್ರ ಬೇಕು, ಪ್ರತಿಯೊಂದಕ್ಕೂ ಇದು ಇಂತಹುದೆಂಬ ಹೆಸರು ಬೇಕು. ಆ ಹೆಸರನ್ನು ಯಾರು ಇಡುತ್ತಾರೆ? ಖರೀದಿದಾರನ ಗುಮಾಸ್ತನು ಇಟ್ಟರೆ ಯಂತ್ರವು ಗುಮಾಸ್ತನ ಕಣ್ಣನ್ನೇ ಕಲಿಯುವುದು, ಮತ್ತು ಅವನ ಪಕ್ಷಪಾತಕ್ಕೆ ಶಾಸ್ತ್ರದ ಮುದ್ರೆ ಬೀಳುವುದು. ಬೆಳೆಗಾರರ ಸಂಘದವರೂ ವರ್ತಕರೂ ಕೂಡಿ ಕುಳಿತು ಹೆಸರಿಟ್ಟರೆ ಮಾತು ಬೇರೆ. ಇದು ಗಣಿತದ ಪ್ರಶ್ನೆಯಲ್ಲ, ಯಾರು ಯಾರನ್ನು ಕರೆದು ಕೂರಿಸುತ್ತಾರೆಂಬ ಪ್ರಶ್ನೆ. ಅಂತಾರಾಷ್ಟ್ರೀಯ ಕಾರ್ಯಕ್ರಮಗಳ ಹಣವು ಉಪಯೋಗಕ್ಕೆ ಬರಬೇಕಾದುದು ಇಂತಹ ಕಡೆಯಲ್ಲಿ.

ಭಾಷೆಯ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆಸ್ಪಿನ್ ಎಂಬ ಯೋಜನೆಯು ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ, ಕನ್ನಡವೂ ಸೇರಿದ ಒಂಬತ್ತು ಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಉಪಭಾಷೆಗಳ ಸಮೇತ ಸಂಗ್ರಹಿಸಿದೆ; ಯಂತ್ರವು ಹಳ್ಳಿಯವರ ನುಡಿಯನ್ನು ಅರಿಯುವಂತಾಗಲೆಂಬುದು ಅದರ ಗುರಿ. ಇದು ಅತ್ಯಂತ ಸ್ತುತ್ಯವಾದ ಕೆಲಸ. ನಮ್ಮ ಕಡೆಯ ರೈತನು ಜೂನ್ ತಿಂಗಳ ಕೊನೆಯ ವಾರವೆನ್ನುವುದಿಲ್ಲ, ಆರಿದ್ರೆ ಮಳೆಯೆನ್ನುತ್ತಾನೆ, ತೇವಾಂಶವೆನ್ನುವುದಿಲ್ಲ, ಹದವೆನ್ನುತ್ತಾನೆ. ಆ ಹದವೆಂಬ ಮಾತಿನ ಅರ್ಥವು ಎರೆಯಲ್ಲಿ ಒಂದು, ಕೆಂಪು ನೆಲದಲ್ಲಿ ಇನ್ನೊಂದು. ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧಕರಿಗೆ ಈ ಭೇದ ಗೊತ್ತು. ಯಂತ್ರಕ್ಕೆ ಹೇಳಿಕೊಡಬೇಕಾದವರು ಅವರಂತಹವರೇ.

ಕಡೆಯದಾಗಿ ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದಾದ ಒಂದು ಪರೀಕ್ಷೆ. ರಾಜ್ಯದ ಪೇಟೆಗಳ ದಿನದ ಧಾರಣೆ ಮತ್ತು ಆವಕಗಳು ಕೃಷಿ ಮಾರಾಟ ವಾಹಿನಿಯಲ್ಲಿ ಎಲ್ಲರಿಗೂ ದೊರೆಯುತ್ತವೆ. ಚಿತ್ರದುರ್ಗದ ಪೇಟೆಯ ಶೇಂಗಾ ಅಥವಾ ಮುಸುಕಿನ ಜೋಳದ ಧಾರಣೆಯನ್ನು ಒಂದು ವರ್ಷದ ಮಟ್ಟಿಗೆ ಬರೆದುಕೊಳ್ಳಿ. ‘ನಾಳೆಯ ಧಾರಣೆ ಇಂದಿನದೇ’ ಎಂಬ, ಯಾವ ಬುದ್ಧಿಯೂ ಬೇಡದ ಊಹೆಯನ್ನು ಪ್ರತಿದಿನವೂ ಮಾಡಿ ಅದು ಎಷ್ಟು ರೂಪಾಯಿ ತಪ್ಪಿತೆಂದು ಲೆಕ್ಕ ಇಡಿ. ವಾರಕ್ಕೂ ತಿಂಗಳಿಗೂ ಹಾಗೆಯೇ ಮಾಡಿ. ಯಾವ ಸಂಸ್ಥೆಯಾಗಲಿ ತನ್ನ ಯಂತ್ರವು ಶೇಕಡ ತೊಂಬತ್ತರಷ್ಟು ಸರಿಯಾಗಿ ಹೇಳುತ್ತದೆಂದು ಸಾರಿದರೆ, ಆ ಯಂತ್ರದ ತಪ್ಪಿನ ಪಟ್ಟಿಯನ್ನು ಕೇಳಿ ಪಡೆದು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಬೆಲೆಯು ಸುಮ್ಮನೆ ನಿಂತಿರುವ ದಿನಗಳಲ್ಲಿ ಎರಡೂ ಸರಿಯಾಗಿಯೇ ಇರುತ್ತವೆ. ಬೆಲೆ ಮುರಿದ ದಿನಗಳನ್ನು ಬೇರೆ ಆರಿಸಿ, ಅಲ್ಲಿ ಹೋಲಿಸಬೇಕು.